ಇಂದಿನ ಚಿಂತನೆ: ಬಿಟ್ಟವನಿಗೆ ಎಲ್ಲ ಗೊತ್ತೇ?



ಬಂಧುಗಳೇ, ಪಂಚಶೀಲದ ಐದನೆಯ ಶೀಲವನ್ನು ನಾವು ಪ್ರತಿ ವಂದನೆಯಲ್ಲೂ ಹೇಳುತ್ತೇವೆ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಮದ್ಯ ಮುಟ್ಟುವುದಿಲ್ಲ ಎಂಬ ಮಾತಿದೆ. ಆದರೂ ನಮ್ಮ ಓಣಿಗಳಲ್ಲಿ ಕುಡಿತ ಇದೆ. ನನ್ನ ಮನೆಯಲ್ಲೇ ಇತ್ತು. ಇದನ್ನು ಬರೆಯುವ ಮೊದಲು ನನ್ನ ತಮ್ಮನನ್ನು ಕೇಳಿದೆ. "ಬರಿ ಅಕ್ಕಾ, ನನ್ನ ಹೆಸರಷ್ಟ ಬ್ಯಾಡ" ಅಂದ.

ತಮ್ಮ ಕುಡಿತ ಬಿಟ್ಟು ನಾಲ್ಕು ವರ್ಷವಾಯಿತು. ಈಗ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಪೀರ್ ವರ್ಕರ್. ಅಂದರೆ ತಾನು ಬಿಟ್ಟು, ಬಿಡಲು ಬಂದವರ ಪಕ್ಕದಲ್ಲಿ ಕೂಡುವ ಕೆಲಸ. ಒಮ್ಮೆ ಅಲ್ಲಿಗೆ ಕೆಲವರು ಅಧ್ಯಯನಕ್ಕೆಂದು ಬಂದರು. ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ, 'ಆಡಿಟ್' ಎಂಬ ಹೆಸರಿನ 10 ಪ್ರಶ್ನೆಗಳ ಪಟ್ಟಿ ಅವರ ಕೈಯಲ್ಲಿತ್ತು. ಕುಡಿಯುವ ದಿನ ಎಷ್ಟು ಡ್ರಿಂಕ್ ಕುಡಿಯುತ್ತೀರಿ ಎಂಬುದು ಅದರಲ್ಲಿ ಒಂದು ಪ್ರಶ್ನೆ. ಗೌಂಡಿ ಕೆಲಸದ ಒಬ್ಬರು "ಎರಡು" ಅಂದರು. ಬಂದವರು 2 ಎಂದು ಬರೆದುಕೊಂಡರು. ಆ ಉತ್ತರಕ್ಕೆ ಅಂಕ ಸೊನ್ನೆ.

ಸಂಜೆ ತಮ್ಮ ಮನೆಗೆ ಬಂದು ಹೇಳಿದ: "ಅಕ್ಕಾ, ಅವ್ರು ಬರಕೊಂಡದ್ದು ತಪ್ಪ ಐತಿ. ನಮ್ಮ ಕಡೆ ಎರಡು ಅಂದ್ರ ಎರಡು ನೈಂಟಿ ಪಾಕೀಟು."

ಪಟ್ಟಿಯ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 30 ಮಿಲಿ ವಿಸ್ಕಿ. 90 ಮಿಲಿಯ ಒಂದು ಪಾಕೀಟಿನಲ್ಲಿ ಅಂಥ ಮೂರು. ಎರಡು ಪಾಕೀಟು ಎಂದರೆ ಆರು. ಒಂದು ಶಬ್ದ ತಿಳಿಯದೆ ಹೋದದ್ದಕ್ಕೆ ಒಬ್ಬ ಮನುಷ್ಯನ ಕಾಯಿಲೆಯೇ ಕಾಗದದ ಮೇಲೆ ಮಾಯವಾಯಿತು. ಅದು ತಿಳಿದದ್ದು ಆ ಪಾಕೀಟು ಹರಿದು ಕುಡಿದವನಿಗೆ. ನನಗೆ ತಮ್ಮನ ಬಗ್ಗೆ ಹೆಮ್ಮೆಯಾಯಿತು. ಉಂಡವನಿಗೇ ರುಚಿ ಗೊತ್ತು, ಇನ್ನು ಹೊರಗಿನವರ ಸಂಶೋಧನೆ ಏಕೆ ಬೇಕು ಎಂದೂ ಅನಿಸಿತು.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ.

ತಮ್ಮ ಒಂದೇ ದಿನಕ್ಕೆ ಬಿಟ್ಟವನು. ಅವನಿಗೆ ಏನೂ ಆಗಲಿಲ್ಲ. ಅದನ್ನೇ ನಂಬಿ, ಕೇಂದ್ರಕ್ಕೆ ಇನ್ನೂ ಬಾರದ ಒಬ್ಬ ಗೆಳೆಯನಿಗೆ, "ನನ್ನಂಗ ಇವತ್ತೇ ಬಿಟ್ಟುಬಿಡು, ಗಟ್ಟಿ ಮನಸ್ಸು ಮಾಡು" ಎಂದು ಹೇಳಿದ. ಆತ ವರ್ಷಗಟ್ಟಲೆ ದಿನವೂ ವಿಪರೀತ ಕುಡಿಯುತ್ತಿದ್ದವನು. ಮರುದಿನ ರಾತ್ರಿ ಅವನಿಗೆ ಫಿಟ್ಸ್ ಬಂತು. ದೇಹ ಮದ್ಯಕ್ಕೆ ಪೂರ್ತಿ ಹೊಂದಿಕೊಂಡಿದ್ದರೆ ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ, ವೈದ್ಯರ ಔಷಧಿ ಬೇಕು. ಆಸ್ಪತ್ರೆಗೆ ಬೇಗ ಮುಟ್ಟಿಸಿದ್ದರಿಂದ ಜೀವ ಉಳಿಯಿತು. ತಮ್ಮ ಎರಡು ದಿನ ಊಟ ಮಾಡಲಿಲ್ಲ. ಮೂರನೆಯ ದಿನ ಕೇಳಿದ: "ಅಕ್ಕಾ, ನನಗ ಗೊತ್ತಿದ್ದದ್ದು ಬರೇ ನಂದಾ?"

ಆ ಪ್ರಶ್ನೆ ನನಗೆ ಬಾಬಾಸಾಹೇಬರ ಬದುಕಿನ ಒಂದು ಘಟನೆಯನ್ನು ನೆನಪಿಸಿತು. 1929. ಅಸ್ಪೃಶ್ಯರ ಕಷ್ಟಗಳ ತನಿಖೆಗೆ ಮುಂಬಯಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಅವರೂ ಒಬ್ಬ ಸದಸ್ಯರು. ನಮ್ಮ ಧಾರವಾಡ ಜಿಲ್ಲೆಯೂ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ತಿರುಗಾಟದಲ್ಲಿ ಚಾಳೀಸಗಾಂವ್‌ಗೆ ಬಂದಾಗ ಅಲ್ಲಿನ ನಮ್ಮ ಜನ ಅವರನ್ನು ಉಳಿಸಿಕೊಂಡರು. ಆದರೆ ಯಾವ ಟಾಂಗಾದವನೂ ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಬಾಬಾಸಾಹೇಬರು ನಡೆದು ಬರುವುದು ಅವರ ಘನತೆಗೆ ತಕ್ಕದ್ದಲ್ಲ ಎಂದು ಜನ ಟಾಂಗಾವನ್ನಷ್ಟೇ ಬಾಡಿಗೆಗೆ ಪಡೆದರು. ಗಾಡಿ ಹೊಡೆದು ರೂಢಿಯಿಲ್ಲದ ಒಬ್ಬರು ಲಗಾಮು ಹಿಡಿದರು. ಸೇತುವೆಯ ಮೇಲೆ ಅಪಘಾತವಾಯಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಇದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ.

ಇದರಲ್ಲಿ ನನಗೆ ಎರಡು ಪಾಠ ಕಾಣುತ್ತವೆ. ಅಸ್ಪೃಶ್ಯತೆಯ ತನಿಖೆಗೆ ಹೋದವರು ಅದನ್ನು ಸ್ವತಃ ಅನುಭವಿಸಿದವರು, ಆದ್ದರಿಂದ ಬೇರೆ ಸದಸ್ಯರಿಗೆ ಕಾಣದ್ದು ಅವರಿಗೆ ಕಂಡೀತು. ಇದು ಒಂದು. ಲಗಾಮು ಹಿಡಿದವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕಲಿಕೆಯ ಕೊರತೆ ಇತ್ತು. ಇದು ಎರಡನೆಯದು. ಕಲಿಯುವ ಅವಕಾಶ ಅವರಿಗೆ ಯಾರೂ ಕೊಟ್ಟಿರಲಿಲ್ಲ, ತಪ್ಪು ಅವರದಲ್ಲ. ನನ್ನ ತಮ್ಮನೂ ಪ್ರೀತಿಯಿಂದಲೇ ಲಗಾಮು ಹಿಡಿದಿದ್ದ.

ಬಾಬಾಸಾಹೇಬರು ತಮ್ಮೊಬ್ಬರ ಅನುಭವಕ್ಕೇ ನಿಲ್ಲಲಿಲ್ಲ. ಅದೇ ಬರಹದಲ್ಲಿ ಬೇರೆಯವರಿಗೆ ಆದದ್ದನ್ನೂ ಸೇರಿಸಿ ಪಕ್ಕಪಕ್ಕ ಇಟ್ಟರು. ಒಬ್ಬನ ನೋವು ಹಲವರ ನೋವಿನ ಜೊತೆ ತಾಳೆಯಾದಾಗ ಅದು ಸಾಕ್ಷಿಯಾಗುತ್ತದೆ. ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದೂ ಪರೀಕ್ಷಿಸಿ ಒಪ್ಪಿಕೊಳ್ಳುವ ದಾರಿಯನ್ನೇ. ಗುರು ಹೇಳಿದನೆಂದು ಒಪ್ಪಬೇಡಿ ಎಂಬುದು ನಮಗೆಲ್ಲ ಬಾಯಿಪಾಠ. "ನನಗೆ ಹಾಗೆ ಆಯಿತು" ಎಂಬುದನ್ನೂ ಪರೀಕ್ಷಿಸಬೇಕು ಎಂಬುದು ನಮಗೆ ಹೊಳೆಯುವುದಿಲ್ಲ.

ಈಗ ಭಾನುವಾರ ನಾವಿಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂಡುತ್ತೇವೆ. ಮಾತಿಗೆ ಮೊದಲು ಒಪ್ಪಿಗೆ ಕೇಳಬೇಕು, ಬೇಡವೆಂದರೆ ಬಿಡಬೇಕು. "ಮೈಕೈ ನೋವಿಗೇ ಕುಡೀತಿ ಹೌದಿಲ್ಲೋ?" ಎಂದು ಕೇಳಿದರೆ ಎಲ್ಲರೂ "ಹೂಂ" ಅನ್ನುತ್ತಾರೆ, "ಆ ದಿನ ಏನಾಗಿತ್ತು?" ಎಂದು ಕೇಳಿ ಸುಮ್ಮನಿರಬೇಕು. ನಾವು ನಂಬಿದ್ದಕ್ಕೆ ಉಲ್ಟಾ ಹೇಳುವವರನ್ನು ಹುಡುಕಿ ಕೇಳಬೇಕು. ಹೆಸರು ಬರೆಯಬಾರದು. ಬರೆದದ್ದನ್ನು ಅವರಿಗೇ ಓದಿ ತೋರಿಸಬೇಕು.

ನಾನೂ ತಪ್ಪಿದೆ. "ಮೈ ಮುರದ ಬಿದ್ದಿರತೈತ್ರಿ" ಎಂದು ಒಬ್ಬರು ಹೇಳಿದ್ದನ್ನು ನಾನು "ದೈಹಿಕ ಆಯಾಸ" ಎಂದು ತಿದ್ದಿದೆ. ಎಂ.ಎ. ಕನ್ನಡದ ಚಾಳಿ. ತಮ್ಮ ಹೊಡೆದುಹಾಕಿ, "ಅಂವ ಹಂಗ ಅಂದಿಲ್ಲಕ್ಕಾ" ಅಂದ. ಇನ್ನೊಬ್ಬರ ಮಾತನ್ನು ನಮ್ಮ ಮಾತಾಗಿಸುವುದೂ ಕೊಡದೇ ಇದ್ದದ್ದನ್ನು ತೆಗೆದುಕೊಂಡ ಹಾಗೆ. ಎರಡನೆಯ ಶೀಲ ನೋಟ್‌ಬುಕ್ಕಿಗೂ ಅನ್ವಯಿಸುತ್ತದೆ ಎಂದು ನನಗೆ ಅವತ್ತು ತಿಳಿಯಿತು.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಉಳಿದ 37 ಮಂದಿಯ ಹತ್ತಿರ ಮೊದಲು ಹೋಗಿ ಕೂಡುವವರು ಡಾಕ್ಟರಲ್ಲ, ನನ್ನ ತಮ್ಮನಂಥವರು. ಅವರ ಕೈಗೆ ಫಾರ್ಮ್ ತುಂಬುವ ಪೆನ್ನು ಕೊಟ್ಟರೆ ಸಾಲದು. ಯಾವ ಪ್ರಶ್ನೆ ಕೇಳಬೇಕು, ಬಂದ ಉತ್ತರಕ್ಕೆ ಅರ್ಥವೇನು ಎಂದು ನಿರ್ಧರಿಸುವ ಕಡೆಯೂ ಅವರಿಗೆ ಜಾಗ ಬೇಕು. ಅದಕ್ಕೆ ತಕ್ಕ ಕಲಿಕೆಯೂ ಬೇಕು. ಬಾಬಾಸಾಹೇಬರು ಹೇಳಿದ ಶಿಕ್ಷಣ ಶಾಲೆಯ ಗೋಡೆಗೆ ಮುಗಿಯುವುದಿಲ್ಲ.

ಈ ವಾರ ವಂದನೆಗೆ ಬಾರದೆ ಹಿಂದೆ ಉಳಿದ ಒಬ್ಬರ ಮನೆಗೆ ಹೋಗೋಣ. ಶೀಲ ಮುರಿದಿರಿ ಎಂದು ಹೇಳುವುದು ಬೇಡ. ಒಂದು ಪ್ರಶ್ನೆ ಕೇಳಿ, ಪೂರ್ತಿ ಕೇಳಿಸಿಕೊಂಡು ಬರೋಣ. ದಿನವೂ ಕುಡಿಯುವವರಾದರೆ ಒಮ್ಮೆಲೇ ಬಿಡಿ ಎನ್ನದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏

– ಬಳಗದ ಒಬ್ಬ ಶಿಕ್ಷಕಿ, ಅಮ್ಮಿನಬಾವಿ