ಸಾಹಸವೂ ಹೊಣೆಯೂ

ಕನ್ನಡದಲ್ಲಿ ‘ಸಾಹಸ’ವೆಂಬುದು ಹೊಗಳಿಕೆಯ ಮಾತು. ಹತ್ತು ಜನ ಹಿಂಜರಿಯುವ ಕಡೆ ತಾನೊಬ್ಬನೇ ಮುಂದಡಿಯಿಡುವವನನ್ನು ಸಾಹಸಿಯೆಂದು ಲೋಕವು ಕೊಂಡಾಡುತ್ತದೆ. ಧರ್ಮಶಾಸ್ತ್ರಕಾರರಲ್ಲಿ ಈ ಶಬ್ದಕ್ಕೆ ಇಷ್ಟು ಸೊಗಸಾದ ಅರ್ಥವಿರಲಿಲ್ಲ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ‘ಸಾಹಸ’ವೂ ಒಂದು. ಬಲದ ಸೊಕ್ಕಿನಿಂದ, ಪರರ ಕೇಡನ್ನು ಲಕ್ಷಿಸದೆ ಎಸಗುವ ಕೃತ್ಯಕ್ಕೆ ಆ ಹೆಸರು. ಅದಕ್ಕೆ ದಂಡವೂ ವಿಹಿತವಾಗಿತ್ತು. ಒಂದೇ ಶಬ್ದವು ಒಂದು ಕಾಲದಲ್ಲಿ ಅಪರಾಧವಾಗಿ, ಇನ್ನೊಂದು ಕಾಲದಲ್ಲಿ ಬಿರುದಾಗಿ ನಿಂತಿದೆ. ಇದನ್ನು ಭಾಷೆಯ ಚಮತ್ಕಾರವೆಂದು ತಳ್ಳಿಬಿಡುವಂತಿಲ್ಲ. ಪ್ರಾಣವನ್ನು ಪಣವಾಗಿಟ್ಟು ಮಾಡುವ ಕಾರ್ಯವು ಯಾವಾಗ ಗುಣ, ಯಾವಾಗ ದೋಷ ಎಂಬ ಪ್ರಶ್ನೆಯೇ ಆ ಎರಡರ್ಥಗಳ ನಡುವೆ ಅಡಗಿದೆ.

ಈ ಪ್ರಶ್ನೆಯನ್ನು ಈ ಕಾಲದ ಒಂದು ಆಟವು ಸ್ಪಷ್ಟವಾಗಿ ಮುಂದಿಡುತ್ತದೆ. ಸ್ಕೈಡೈವಿಂಗ್ ಎಂದು ಅದರ ಹೆಸರು. ಹತ್ತು ಹದಿಮೂರು ಸಾವಿರ ಅಡಿ ಎತ್ತರದಲ್ಲಿ ಹಾರುವ ವಿಮಾನದಿಂದ ಮನುಷ್ಯನು ಹೊರಕ್ಕೆ ಧುಮುಕುತ್ತಾನೆ. ಒಂದು ನಿಮಿಷದಷ್ಟು ಹೊತ್ತು ಗಂಟೆಗೆ ಸುಮಾರು 200 ಕಿಲೋಮೀಟರು ವೇಗದಲ್ಲಿ ಬೀಳುತ್ತಾನೆ. ಆಮೇಲೆ ಬೆನ್ನಿನ ಮೇಲಣ ಪ್ಯಾರಾಚೂಟನ್ನು ಬಿಚ್ಚಿ ಮೆಲ್ಲಗೆ ನೆಲಕ್ಕಿಳಿಯುತ್ತಾನೆ. ಮೈಸೂರಿನಲ್ಲಿಯೂ ಈ ಆಟವು ಕೆಲವು ಸಲ ನಡೆದಿದೆ. ಮಧುಗಿರಿ, ಕೊರಟಗೆರೆ, ಪಾವಗಡ, ಸಿರಾ ಸೀಮೆಯವರಿಗೆ ವಿಮಾನದ ಆಟವು ದೂರದ ಸಂಗತಿಯಾದರೂ ಅದರ ತತ್ತ್ವವು ಹೊಸದಲ್ಲ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರಕ್ಕೆ ನಿಂತ ಮಧುಗಿರಿಯ ಏಕಶಿಲೆಯು ಅವರ ಕಣ್ಣೆದುರಿಗೇ ಇದೆ. ಕೋಟೆಯ ಬಾಗಿಲುಗಳನ್ನು ದಾಟಿದ ಮೇಲೆ ಬೋಳುಬಂಡೆಯ ಮೈಯಲ್ಲಿ ಕೊರೆದ ಕಿರುಮೆಟ್ಟಿಲುಗಳನ್ನೇ ನಂಬಿ ಏರಬೇಕು. ಒಂದು ಹನಿ ಮಳೆ ಬಿದ್ದರೆ ಆ ಬಂಡೆಯು ಪಾಚಿಗಟ್ಟಿದ ಬಾವಿಯ ಕಟ್ಟೆಯಂತೆ ಜಾರುತ್ತದೆ. ಅಲ್ಲಿಗೆ ಏರುವ ತರುಣನಿಗೂ ಆಕಾಶದಿಂದ ಧುಮುಕುವ ತರುಣನಿಗೂ ಕೇಳಬೇಕಾದ ಪ್ರಶ್ನೆ ಒಂದೇ.

ಈ ವಿಷಯದಲ್ಲಿ ಲೋಕದ ಅಭಿಪ್ರಾಯಗಳು ಮುಖ್ಯವಾಗಿ ಎರಡು. “ದೇಹ ನನ್ನದು, ಪ್ರಾಣ ನನ್ನದು, ಕಳೆದುಕೊಂಡರೆ ನಷ್ಟವೂ ನನ್ನದು. ಇದರಲ್ಲಿ ಪರರಿಗೇನು ಕೆಲಸ?” ಎಂಬುದು ತರುಣರ ವಾದ. “ಹೊಟ್ಟೆಪಾಡಿಗಲ್ಲ, ದೇವರ ಹರಕೆಗಲ್ಲ; ಬರಿಯ ಸಂತೋಷಕ್ಕಾಗಿ ಮೃತ್ಯುವಿನ ಬಾಗಿಲು ತಟ್ಟುವುದು ಮೂರ್ಖತನ; ಇದನ್ನು ನಿಷೇಧಿಸುವುದೇ ಸರಿ” ಎಂಬುದು ಹಿರಿಯರ ವಾದ. ಎರಡರಲ್ಲಿಯೂ ಸತ್ಯಾಂಶವುಂಟು, ಎರಡೂ ಅರ್ಧದಾರಿಯಲ್ಲಿಯೇ ನಿಂತುಬಿಡುತ್ತವೆ.

ಮೊದಲು ತರುಣರ ವಾದವನ್ನು ವಿಚಾರಿಸೋಣ. 2022ರ ಫೆಬ್ರವರಿಯಲ್ಲಿ ಕೇರಳದ ಮಲಂಪುಳದ ಬೆಟ್ಟವೊಂದನ್ನು ಏರಿದ ಯುವಕನೊಬ್ಬನು ಜಾರಿ, ಕಡಿದಾದ ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡನು. ನಲವತ್ತು ಗಂಟೆಗಳಿಗೂ ಮೀರಿ ಅವನಿಗೆ ಅನ್ನವಿಲ್ಲ, ನೀರಿಲ್ಲ. ಕಡೆಗೆ ಸೇನೆಯವರು ಹಗ್ಗಗಳನ್ನು ಕಟ್ಟಿ ಇಳಿದು ಅವನನ್ನು ಮೇಲೆತ್ತಿದರು. ಅವರಲ್ಲಿ ಬೆಂಗಳೂರಿನ ಪ್ಯಾರಾಚೂಟು ರೆಜಿಮೆಂಟಿನ ಕೇಂದ್ರದಿಂದ ಹೋದ ಯೋಧರೂ ಇದ್ದರು. ಅದೇ ತಿಂಗಳು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯ ಬಂಡೆಗಳಲ್ಲಿ ಜಾರಿಬಿದ್ದ ವಿದ್ಯಾರ್ಥಿಯೊಬ್ಬನನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರು ಎತ್ತಿಕೊಂಡು ಹೋಯಿತು. 2024ರ ಅಕ್ಟೋಬರಿನಲ್ಲಿ ತುಮಕೂರಿನ ಬಳಿಯ ಮೈದಾಳ ಕೆರೆಯ ಕೋಡಿನೀರು ಹರಿಯುವೆಡೆಯಲ್ಲಿ, ಚಿತ್ರ ತೆಗೆಯುವಾಗ ಕಾಲುಜಾರಿದ ವಿದ್ಯಾರ್ಥಿನಿಯೊಬ್ಬಳು ಬಂಡೆಗಳ ಪೊಟರೆಯಲ್ಲಿ ರಾತ್ರಿಯೆಲ್ಲ ಸಿಕ್ಕಿಕೊಂಡಿದ್ದಳು. ಅಗ್ನಿಶಾಮಕ ದಳದವರೂ ಪೋಲೀಸರೂ ಶ್ರಮಿಸಿ ಮರುದಿನ ಅವಳನ್ನು ಹೊರತೆಗೆದರು. ಈ ಮೂವರೂ ಬದುಕಿ ಬಂದುದು ಸಂತೋಷದ ವಿಷಯ. ಆದರೆ “ನಷ್ಟ ನನ್ನೊಬ್ಬನದು” ಎಂಬ ವಾದವು ಇಲ್ಲಿ ಎಲ್ಲಿ ಉಳಿಯಿತು? ಒಬ್ಬನು ಬಿದ್ದೊಡನೆ ಅವನನ್ನು ಎತ್ತಲು ಬೇರೊಬ್ಬ ತಾಯಿಯ ಮಗನು ಅದೇ ಬಂಡೆಯ ಅಂಚಿಗೆ ಇಳಿಯಬೇಕಾಗುತ್ತದೆ. ಬಿದ್ದವನು ತನ್ನ ಪ್ರಾಣವನ್ನು ಪಣವಿಡುವಾಗ ಆ ಅಪರಿಚಿತನ ಒಪ್ಪಿಗೆಯನ್ನು ಕೇಳಿರಲಿಲ್ಲ.

ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರಿ ‘ಕೋತಿರಾಜ’ನೆಂದು ಹೆಸರಾದ ಜ್ಯೋತಿರಾಜರ ಪ್ರಸಂಗವು ಇದಕ್ಕಿಂತಲೂ ಸೂಕ್ಷ್ಮವಾದುದು. 2018ರ ಫೆಬ್ರವರಿಯಲ್ಲಿ ಅವರು ಜೋಗದ ಕಣಿವೆಗೆ ಇಳಿದುದು ಪ್ರದರ್ಶನಕ್ಕಾಗಿ ಅಲ್ಲ. ಕಾಣೆಯಾಗಿದ್ದ ಒಬ್ಬ ಯುವಕನ ದೇಹವನ್ನು ಹುಡುಕುವುದಕ್ಕಾಗಿ. ಇಳಿದವರು ಮೇಲೆ ಬಾರದೆ ಹೋದಾಗ ಅವರನ್ನು ಹುಡುಕಿಕೊಂಡು ಇತರರು ಇಳಿಯಬೇಕಾಯಿತು. ಆಟಕ್ಕೆಂದು ಕಲಿತ ವಿದ್ಯೆಯು ಪರೋಪಕಾರಕ್ಕೆ ಒದಗಿತು. ಆ ಪರೋಪಕಾರವೂ ಮತ್ತೆ ಪರರಿಗೆ ಹೊರೆಯಾಯಿತು. ಒಬ್ಬನ ಅಪಾಯವು ಒಬ್ಬನಲ್ಲಿಯೇ ನಿಲ್ಲುವುದಿಲ್ಲ. ಕೆರೆಗೆ ಎಸೆದ ಕಲ್ಲಿನ ಅಲೆಯಂತೆ ದಡದವರೆಗೂ ಹಬ್ಬುತ್ತದೆ.

ಹಾಗಾದರೆ ಹಿರಿಯರ ವಾದವೇ ಗೆದ್ದಿತೆ? ಅದೂ ಇಲ್ಲ. ಅಪಾಯವಿಲ್ಲದ ಬಾಳನ್ನು ಈ ಸೀಮೆಯಲ್ಲಿ ಯಾರು ಬಾಳಿದ್ದಾರೆ? ತೆಂಗಿನ ಮರದ ಸುಳಿಗೆ ಏರುವವನು, ಹೆಜ್ಜೇನು ಕೀಳುವವನು, ಬಾವಿ ತೋಡುವವನು—ಇವರೆಲ್ಲರೂ ದಿನದಿನವೂ ಪ್ರಾಣವನ್ನು ಪಣವಿಟ್ಟವರೇ. “ಅದು ಹೊಟ್ಟೆಪಾಡು, ಇದು ವಿನೋದ” ಎಂದು ಉತ್ತರ ಬರಬಹುದು. ಆದರೆ ಸಿರಾ ಪಟ್ಟಣದ ಹೆದ್ದಾರಿಯಲ್ಲಿ ಹೆಲ್ಮೆಟ್ಟಿಲ್ಲದೆ ಮೋಟಾರುಸೈಕಲ್ಲನ್ನು ಹಾರಿಸಿಕೊಂಡು ಹೋಗುವ ಮಗನನ್ನು ಕಂಡು ಎಷ್ಟು ಮನೆಗಳಲ್ಲಿ ನಡುಕ ಹುಟ್ಟುತ್ತದೆ? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು 50,000 ಮಂದಿ ಹೆಲ್ಮೆಟ್ಟು ಧರಿಸದಿದ್ದವರು. ಸ್ಕೈಡೈವಿಂಗ್ ಬಹಳವಾಗಿ ನಡೆಯುವ ಅಮೆರಿಕದಲ್ಲಿ, ಅಲ್ಲಿಯ ಪ್ಯಾರಾಚೂಟು ಸಂಘದ ಲೆಕ್ಕದಂತೆ, 2023ರಲ್ಲಿ 36 ಲಕ್ಷಕ್ಕೂ ಮೀರಿದ ಧುಮುಕುಗಳಲ್ಲಿ ಸತ್ತವರು 10 ಮಂದಿ. ಆಕಾಶವು ನಿರಪಾಯವೆಂಬುದು ಈ ಮಾತಿನ ತಾತ್ಪರ್ಯವಲ್ಲ. ರೂಢಿಯಾದ ಅಪಾಯವನ್ನು ಸಮಾಜವು ಕಾಣದು, ಹೊಸ ಅಪಾಯವನ್ನು ಮಾತ್ರ ಕಂಡು ಬೆಚ್ಚುತ್ತದೆ ಎಂಬುದೇ ತಾತ್ಪರ್ಯ. ಆದ್ದರಿಂದ ಕೇವಲ ಭಯವು ಧರ್ಮನಿರ್ಣಯಕ್ಕೆ ಪ್ರಮಾಣವಾಗಲಾರದು.

ಪ್ರಮಾಣವಾವುದು? ರಾಮಾಯಣದ ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಆಕಾಶಗಮನದ ಎರಡು ವೃತ್ತಾಂತಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ಮೊದಲನೆಯದು ಸಂಪಾತಿಯ ಕಥೆ. ಸಂಪಾತಿ ಜಟಾಯುಗಳು ಯೌವನದ ಮದದಲ್ಲಿ ಕೈಲಾಸಶಿಖರದಲ್ಲಿ ಮುನಿಗಳ ಮುಂದೆ ಪಣ ಕಟ್ಟಿ, ಸೂರ್ಯನನ್ನು ಹಿಂಬಾಲಿಸಿ ಹಾರಿದರು. ನಡುಹಗಲಿನ ಉರಿಯಲ್ಲಿ ತಮ್ಮನು ಮೂರ್ಛೆಹೋಗತೊಡಗಿದಾಗ ಅಣ್ಣನು ತನ್ನ ರೆಕ್ಕೆಗಳನ್ನು ಅವನ ಮೇಲೆ ಹರಡಿದನು. ರೆಕ್ಕೆಗಳು ಸುಟ್ಟುಹೋದವು. ಅಣ್ಣನು ವಿಂಧ್ಯದ ಮೇಲೆ ಬಿದ್ದನು. ತಮ್ಮನ ಗತಿಯೇನಾಯಿತೆಂಬುದು ಅವನಿಗೆ ಬಹುಕಾಲ ತಿಳಿಯಲಿಲ್ಲ. ಎರಡನೆಯದು ಹನುಮಂತನ ಸಮುದ್ರಲಂಘನ. ಆ ನೆಗೆತಕ್ಕೆ ಮುಂಚೆ ಕಡಲ ತಡಿಯಲ್ಲಿ ಒಂದು ಸಭೆ ನಡೆಯುತ್ತದೆ. ಒಬ್ಬ ಕಪಿವೀರನು ತನ್ನಿಂದ ಹತ್ತು ಯೋಜನವಾದೀತೆನ್ನುತ್ತಾನೆ, ಇನ್ನೊಬ್ಬನು ಇಪ್ಪತ್ತು. ಮುಪ್ಪಿನ ಜಾಂಬವಂತನು ತೊಂಬತ್ತೆಂದು ಒಪ್ಪಿಕೊಳ್ಳುತ್ತಾನೆ. ಯುವರಾಜನಾದ ಅಂಗದನು “ನೂರು ಯೋಜನ ಹಾರಬಲ್ಲೆ, ಮರಳಿ ಬರುವುದು ಮಾತ್ರ ಸಂದೇಹ” ಎಂಬ ಭಾವದಲ್ಲಿ ನುಡಿಯುತ್ತಾನೆ. ಅವನನ್ನು ಜಾಂಬವಂತನು ತಡೆಯುತ್ತಾನೆ. ಬಳಿಕ, ತನ್ನ ಬಲವನ್ನು ತಾನೇ ನೆನೆಯದೆ ಸುಮ್ಮನೆ ಕುಳಿತಿದ್ದ ಹನುಮಂತನನ್ನು ಎಬ್ಬಿಸುತ್ತಾನೆ. ಹನುಮಂತನೂ ನಿಂತ ನಿಲುವಿನಲ್ಲಿ ನೆಗೆಯಲಿಲ್ಲ. ತನ್ನ ವೇಗವನ್ನು ತಾಳಬಲ್ಲ ಮಹೇಂದ್ರಗಿರಿಯನ್ನು ಆರಿಸಿಕೊಂಡನು.

ಎರಡು ಕಡೆಯೂ ಧೈರ್ಯಕ್ಕೆ ಕೊರತೆಯಿಲ್ಲ; ಎರಡು ಕಡೆಯೂ ಆಕಾಶವೇ ದಾರಿ. ಭೇದವಿರುವುದು ಉದ್ದೇಶದಲ್ಲಿ ಮಾತ್ರವೆಂದು ಮೇಲುನೋಟಕ್ಕೆ ತೋರಬಹುದು. ಇನ್ನೂ ಆಳವಾದ ಭೇದವು ಸುತ್ತಣ ಸಭೆಯಲ್ಲಿದೆ. ಸಂಪಾತಿಯ ಪಣಕ್ಕೆ ಸಾಕ್ಷಿಗಳಿದ್ದರು. ತಡೆದವರು ಯಾರೆಂದು ಕಥೆ ಹೇಳುವುದಿಲ್ಲ. ಕಡಲ ತಡಿಯಲ್ಲಿ ಪ್ರತಿಯೊಬ್ಬನೂ ತನ್ನ ಮಿತಿಯನ್ನು ನಾಚಿಕೆಯಿಲ್ಲದೆ ಹೇಳಿಕೊಂಡನು. ಹತ್ತು ಯೋಜನವೆಂದವನನ್ನು ಯಾರೂ ನಗಲಿಲ್ಲ. ಹೋಗಲು ಎದ್ದ ರಾಜಪುತ್ರನಿಗೂ ‘ಬೇಡ’ವೆನ್ನುವ ಹಿರಿಯನೊಬ್ಬನಿದ್ದನು. ಸಾಹಸವನ್ನು ಗುಣವಾಗಿ ಮಾಡುವುದು ಇಂತಹ ಸಭೆ. ಮಿತಿಯನ್ನು ಹೇಳಿಕೊಳ್ಳಲು ನಾಚಬೇಕಾದ ಸಭೆಯಲ್ಲಿ ಅದೇ ಸಾಹಸವು ಸ್ಮೃತಿಕಾರರು ಹೇಳಿದ ದೋಷವಾಗಿ ಪರಿಣಮಿಸುತ್ತದೆ.

ಆಕಾಶದಿಂದ ಧುಮುಕುವವರ ಸಮುದಾಯವು ಈ ಸತ್ಯವನ್ನು ಸಾವುಗಳ ಬೆಲೆ ತೆತ್ತು ಕಲಿತಿದೆ. ಹೊಸಬನು ಮೊದಲು ಗುರುವಿನ ಮೈಗೆ ಪಟ್ಟಿಗಳಿಂದ ಬಿಗಿಸಿಕೊಂಡು ಅವನೊಡನೆಯೇ ಧುಮುಕುತ್ತಾನೆ. ಮುಖ್ಯ ಪ್ಯಾರಾಚೂಟು ಕೈಕೊಟ್ಟರೆ ಎರಡನೆಯದೊಂದು ಬೆನ್ನಿನಲ್ಲಿಯೇ ಇರುತ್ತದೆ. ಅದನ್ನು ಮಡಿಸುವ ಅಧಿಕಾರವು ಶಿಕ್ಷಣ ಪಡೆದು ಪರೀಕ್ಷೆ ಕೊಟ್ಟವರಿಗೆ ಮಾತ್ರ. ವಿಮಾನವನ್ನೇರುವ ಮುನ್ನ ಒಬ್ಬನ ಪಟ್ಟಿ ಕೊಂಡಿಗಳನ್ನು ಇನ್ನೊಬ್ಬನು ಮುಟ್ಟಿನೋಡುತ್ತಾನೆ. ನೆಲದ ಗಾಳಿ ಮಿತಿಮೀರಿದರೆ ಹೊಸಬನನ್ನು ಬಿಡುವುದಿಲ್ಲ. ಜರ್ಮನಿಯ ಹೆಲ್ಮುಟ್ ಕ್ಲೋತ್ ಎಂಬಾತನು ಮಿತ್ರನೊಬ್ಬನ ಮರಣದಿಂದ ನೊಂದು, ಬೀಳುವವನಿಗೆ ಪ್ರಜ್ಞೆ ತಪ್ಪಿದರೂ ತಕ್ಕ ಎತ್ತರದಲ್ಲಿ ಎರಡನೆಯ ಪ್ಯಾರಾಚೂಟನ್ನು ತಾನಾಗಿ ಬಿಚ್ಚುವ ಉಪಕರಣವನ್ನು ರಚಿಸಿದನು. 1991ರಿಂದ ಅದು ಬಳಕೆಗೆ ಬಂದು ಅನೇಕರ ಪ್ರಾಣಗಳನ್ನು ಉಳಿಸಿತು. ಶೋಕವು ವಿದ್ಯೆಯಾಗಿ ಮಾರ್ಪಟ್ಟ ಉದಾಹರಣೆ ಇದು. ಇಷ್ಟಾದರೂ ಒಂದು ವಿಪರೀತವುಂಟು. ಈಗ ಸಂಭವಿಸುವ ಮರಣಗಳಲ್ಲಿ ಅನೇಕವು ಪ್ಯಾರಾಚೂಟು ಬಿಚ್ಚದೆ ಆದವಲ್ಲ; ಚೆನ್ನಾಗಿ ಬಿಚ್ಚಿದ, ಆದರೆ ಚಿಕ್ಕದಾಗಿಯೂ ಅತಿವೇಗದ್ದಾಗಿಯೂ ಇರುವ ಪ್ಯಾರಾಚೂಟಿನಲ್ಲಿ, ನೆಲದ ಹತ್ತಿರ ರಭಸದ ತಿರುವು ತೆಗೆದುಕೊಳ್ಳುವಾಗ ಆದವು. ಯಂತ್ರವು ಪ್ರಮಾದವನ್ನು ತಡೆಯಬಲ್ಲದು. ನೋಡುವವರ ಕಣ್ಣಿಗಾಗಿ ಮಾಡುವ ಸಾಹಸವನ್ನು ತಡೆಯಲಾರದು. ಅದನ್ನು ತಡೆಯಬಲ್ಲುದು ಪಕ್ಕದಲ್ಲಿರುವ ಸ್ನೇಹಿತನ ಮಾತು ಒಂದೇ.

ಇಲ್ಲಿ ನೋಡುವವರ ಹೊಣೆಯು ಪ್ರಾರಂಭವಾಗುತ್ತದೆ. ಬಂಡೆಯ ಅಂಚಿನಲ್ಲಿ ನಿಂತವನಿಗೆ “ಇನ್ನೂ ಒಂದು ಹೆಜ್ಜೆ” ಎಂದು ಕೂಗುತ್ತ ಮೊಬೈಲಿನಲ್ಲಿ ಚಿತ್ರ ತೆಗೆಯುವ ಗೆಳೆಯನೂ, ದೂರದ ಊರಿನಲ್ಲಿ ಕುಳಿತು ಆ ಚಿತ್ರವನ್ನು ಮೆಚ್ಚುವ ಸಾವಿರ ಜನರೂ ಆ ಹೆಜ್ಜೆಯಲ್ಲಿ ಪಾಲುದಾರರು. ಅವನು ಬಿದ್ದಾಗ ಪಾಲುದಾರರು ಕಾಣಿಸುವುದಿಲ್ಲ. ಆಗ ಊರಿನಲ್ಲಿ ಕೇಳಿಬರುವ ಮಾತುಗಳು ಎರಡೇ: “ಹಣೆಯಲ್ಲಿ ಬರೆದಿತ್ತು” ಎಂಬುದೊಂದು, “ಸೊಕ್ಕಿಗೆ ತಕ್ಕುದಾಯಿತು” ಎಂಬುದೊಂದು. ಮೊದಲನೆಯದು ಕರುಣೆಯಂತೆಯೂ ಎರಡನೆಯದು ನ್ಯಾಯದಂತೆಯೂ ಕಾಣುತ್ತವೆ. ಎರಡರ ಫಲವೂ ವಿಚಾರವನ್ನು ಮುಚ್ಚಿಬಿಡುವುದೇ. ಹಗ್ಗವು ಸವೆದಿತ್ತೆ, ಮಳೆ ಬರುವ ಸೂಚನೆಯಿತ್ತೆ, ಬೇಡವೆಂದವರಿದ್ದರೆ ಎಂದು ಕೇಳಿದರೆ ಮುಂದಿನವನು ಉಳಿದಾನು.

ಹಿಂದಿನವರು ಈ ಹೊಣೆಯನ್ನು ಬೇರೊಂದು ರೀತಿಯಲ್ಲಿ ಹೊತ್ತಿದ್ದರು. ಈ ಸೀಮೆಯು ಹಿಂದೆ ನೊಳಂಬವಾಡಿಗೆ ಸೇರಿದ್ದು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯು ಸಿರಾ ಪಾವಗಡಗಳಿಗೆ ನೆರೆಯಲ್ಲಿಯೇ ಇದೆ. ಕನ್ನಡನಾಡಿನ ಊರೂರುಗಳಲ್ಲಿ ನಿಂತ ವೀರಗಲ್ಲುಗಳನ್ನು ವಾಚಕರು ಕಂಡೇ ಇರುತ್ತಾರೆ. ತುರುಗಳನ್ನು ಮರಳಿಸಲು ಹೋಗಿ ಮಡಿದವನಿಗೆ ಊರವರು ಕಲ್ಲು ನಿಲ್ಲಿಸಿ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಅವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ಅದಕ್ಕೆ ‘ನೆತ್ತರುಗೊಡಗೆ’ಯೆಂದು ಹೆಸರು. ಇನ್ನೊಬ್ಬನ ಧೈರ್ಯದಿಂದ ತಮಗೆ ಲಾಭವಾದರೆ ಅದರ ಸಾಲವನ್ನು ತೀರಿಸಬೇಕೆಂಬ ಬುದ್ಧಿ ಅದರಲ್ಲಿತ್ತು. ಈಗಿನ ನೋಟಕರು ಪಡೆಯುವ ಲಾಭವು ಕ್ಷಣಕಾಲದ ರೋಮಾಂಚ. ಅದಕ್ಕೂ ಒಂದು ಸಾಲವುಂಟು. ಭೂಮಿಯನ್ನು ಕೊಡಬೇಕಾಗಿಲ್ಲ, ಚಪ್ಪಾಳೆಗೆ ಮುಂಚೆ ಒಂದು ಎಚ್ಚರಿಕೆಯ ಮಾತನ್ನು ಕೊಟ್ಟರೆ ಸಾಕು.

ಆ ಮಾತು ಸುಲಭವಾದುದಲ್ಲ. ಹಿತವಾದರೂ ಅಪ್ರಿಯವಾದುದನ್ನು ಹೇಳಿದ ವಿಭೀಷಣನಿಗೆ ಅಣ್ಣನ ಮನೆಯೇ ತಪ್ಪಿತು. “ಹೇಡಿ” ಎನಿಸಿಕೊಳ್ಳಲು ಸಿದ್ಧನಾಗಿ ಗೆಳೆಯನ ತೋಳು ಹಿಡಿದು ನಿಲ್ಲಿಸುವವನ ಧೈರ್ಯವು, ಧುಮುಕುವವನ ಧೈರ್ಯಕ್ಕಿಂತ ಕಡಮೆಯದೆಂದು ಹೇಳಲಾಗದು. ಅದಕ್ಕೆ ಚಿತ್ರವಿಲ್ಲ, ಬಿರುದಿಲ್ಲ. ಅದು ಸಫಲವಾದಾಗ ಏನೂ ನಡೆದಿರುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದೂ ಇಲ್ಲ.

ಹೀಗೆ ವಿಚಾರಿಸಿದಲ್ಲಿ ನಿಷೇಧವೂ ಸ್ವೇಚ್ಛೆಯೂ ಎರಡೂ ಧರ್ಮವಲ್ಲವೆಂದು ತೋರುತ್ತದೆ. ಸಾಹಸಕ್ಕೆ ಇಳಿಯುವವನು ವಿದ್ಯೆಯನ್ನು ಕ್ರಮವಾಗಿ ಕಲಿಯತಕ್ಕದ್ದು; ಉಪಕರಣವನ್ನು ಪರೀಕ್ಷಿಸತಕ್ಕದ್ದು; ಎಲ್ಲಿಗೆ ಹೋಗುವೆನೆಂದು ಮನೆಯವರಿಗೆ ತಿಳಿಸತಕ್ಕದ್ದು; ಹಿಂದಿರುಗುವ ಶಕ್ತಿಯನ್ನೂ ಕೂಡಿಸಿ ತನ್ನ ಬಲವನ್ನು ಎಣಿಸತಕ್ಕದ್ದು. ಸಮಾಜವು ಅವನನ್ನು ಹಳಿಯದೆ, ಉಬ್ಬಿಸದೆ, ಜೊತೆಯಲ್ಲಿ ನಿಂತು ಕೊಂಡಿಯನ್ನು ಮುಟ್ಟಿನೋಡತಕ್ಕದ್ದು. ಬಿದ್ದವನನ್ನು ಎತ್ತಲು ಇಳಿಯುವವರಿಗೆ ತಕ್ಕ ಸಾಧನ ಶಿಕ್ಷಣಗಳನ್ನು ಒದಗಿಸತಕ್ಕದ್ದು. ಮಳೆಮೋಡ ಕವಿದ ದಿನ ಮಧುಗಿರಿಯ ಕೋಟೆಯ ಬಾಗಿಲಿನಲ್ಲಿ ಅಪರಿಚಿತ ತರುಣರ ಗುಂಪು ಕಂಡರೆ, “ಈ ದಿನ ಬಂಡೆ ಜಾರುತ್ತದಪ್ಪ, ನಾಳೆ ಹತ್ತಿರಿ” ಎಂದು ಹೇಳುವುದು ಪರರ ವಿಷಯದಲ್ಲಿ ತಲೆಹಾಕಿದಂತಲ್ಲ. ಆ ಊರಿನವನಿಗೆ ಆ ಬಂಡೆಯ ಗುಣ ಗೊತ್ತು, ಬಂದವರಿಗೆ ಗೊತ್ತಿಲ್ಲ. ಗೊತ್ತಿದ್ದವನು ಹೇಳತಕ್ಕದ್ದು.