ಹಳೆಯ ಬ್ರೇಕು, ಇಂದಿನ ರಸ್ತೆ

ಹಳೆಯ ಕಾರುಗಳನ್ನು ಜೋಪಾನ ಮಾಡುವವರ ನಡುವೆ ಆಗಾಗ ಎದ್ದು ಬರುವ ಒಂದು ಪ್ರಶ್ನೆ ಇದೆ. 1928ರಿಂದ 1931ರವರೆಗಿನ ಮಾದರಿಗಳಾಗಿ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಚಾಸಿಯೊಂದು ಒಬ್ಬರ ಕೈಗೆ ಬಂತು ಎಂದಿಟ್ಟುಕೊಳ್ಳಿ. ಹಿಂದಿನ ಮಾಲೀಕ ಎಂದೋ ಅದರ ರಾಡಿನ ಬ್ರೇಕನ್ನು ಕಿತ್ತುಹಾಕಿ ಆಯಿಲ್ ಬ್ರೇಕು ಕೂರಿಸಿದ್ದಾನೆ. ಹೊಸ ಮಾಲೀಕನಿಗೆ ಅದು ಹಿಡಿಸುವುದಿಲ್ಲ. ಗಾಡಿ ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಇರಬೇಕು, ರಾಡಿನ ಬ್ರೇಕೇ ಮರಳಿ ಬರಬೇಕು ಎಂಬುದು ಅವನ ಹಟ. ಚೆನ್ನಾಗಿ ಹಿಡಿಯುವ ಬ್ರೇಕನ್ನು ತೆಗೆದು ಕಡಿಮೆ ಹಿಡಿಯುವುದನ್ನು ಹಾಕಿಸುವುದು ಮೂಲಕ್ಕೆ ತೋರುವ ನಿಷ್ಠೆಯೋ, ಬರೀ ಶೋಕಿಯೋ?

ಮೊದಲು ಎರಡರ ವ್ಯತ್ಯಾಸ ತಿಳಿಯೋಣ. ರಾಡಿನ ಬ್ರೇಕಿನಲ್ಲಿ ಪೆಡಲ್ ತುಳಿದರೆ ಕಬ್ಬಿಣದ ಸರಳುಗಳು ಎಳೆಯಲ್ಪಟ್ಟು ನಾಲ್ಕೂ ಚಕ್ರಗಳ ಡ್ರಮ್ಮಿನೊಳಗಿನ ಶೂಗಳನ್ನು ಅಗಲಿಸುತ್ತವೆ. ಒತ್ತುವ ಬಲವೆಲ್ಲ ಚಾಲಕನ ಕಾಲಿನದು. ಒಂದು ಸರಳು ತುಸು ಬಿಗಿ, ಇನ್ನೊಂದು ಸಡಿಲವಾದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆಯಿಲ್ ಬ್ರೇಕಿನಲ್ಲಿ ದ್ರವದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುವುದರಿಂದ ಈ ತೊಂದರೆ ಕಡಿಮೆ. ನಮ್ಮ ಅಂಬಾಸಡರ್ ಕಾರಿಗೂ ಬಂದದ್ದು ಆಯಿಲ್ ಬ್ರೇಕೇ.

ಹಾಗೆಂದು ಹಳೆಯವರು ದಡ್ಡರಾಗಿರಲಿಲ್ಲ. 1921ರಲ್ಲೇ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ಆಯಿಲ್ ಬ್ರೇಕು ಬಂದಿದ್ದರೂ ಹೆನ್ರಿ ಫೋರ್ಡ್ ಅದನ್ನು ನಂಬಲಿಲ್ಲ. ಅವರ ಕಾರುಗಳಿಗೆ ಅದು ಸಿಕ್ಕಿದ್ದು 1939ರ ಮಾದರಿಗಳಲ್ಲಿ. ಅವರ ಅನುಮಾನಕ್ಕೆ ಕಾರಣವೂ ಇತ್ತು. ಅಂದಿನ ಆಯಿಲ್ ಬ್ರೇಕಿನಲ್ಲಿ ಒಂದು ಕೊಳವೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆ. ಒಂದು ಸರಳು ತುಂಡಾದರೆ ಉಳಿದವು ಕೈಹಿಡಿಯುತ್ತವೆ. ಆದ್ದರಿಂದ ಮೂಲದ ಬ್ರೇಕನ್ನೇ ಬಯಸುವವನನ್ನು ನೋಡಿ ನಗಬೇಕಾಗಿಲ್ಲ. ಒಂದು ಕಾಲದ ಮನುಷ್ಯರು ಹೇಗೆ ಯೋಚಿಸಿದರು, ಯಾವುದಕ್ಕೆ ಹೆದರಿದರು ಎಂಬುದಕ್ಕೆ ಆ ಸರಳುಗಳೇ ಸಾಕ್ಷಿ. ಸಾಕ್ಷಿಯನ್ನು ಉಳಿಸುವುದು ಒಳ್ಳೆಯ ಕೆಲಸವೇ.

ಇಂಥ ಕೆಲಸ ಮಾಡಿಸಲು ದೂರ ಹೋಗಬೇಕಾಗಿಯೂ ಇಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಿಗೆ ಹೋದವು. ಕಾರ್ಖಾನೆ ಬಾಗಿಲು ಹಾಕಿತು, ಆದರೆ ಲೇತಿನ ಕಸುಬು ಇಂದಿಗೂ ಹರಿಹರ, ದಾವಣಗೆರೆಗಳ ಗಲ್ಲಿಗಳಲ್ಲಿ ಬದುಕಿದೆ. ಅಳತೆ ಕೊಟ್ಟರೆ ಸರಳನ್ನೂ ಪಿನ್ನನ್ನೂ ಮಾಡಿಕೊಡುವ, ಸವೆದ ಡ್ರಮ್ಮನ್ನು ತಿರುವಿ ಹದಗೊಳಿಸುವ ಕೈಗಳು ಇಲ್ಲಿವೆ. ಹಾಗಾಗಿ ಮಾಡಬಹುದೇ ಎಂಬುದಲ್ಲ, ಮಾಡಬೇಕೇ ಎಂಬುದು ಪ್ರಶ್ನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹರಿಹರೇಶ್ವರ ದೇವಾಲಯದ ಹೊಯ್ಸಳರ ಕಾಲದ ಕಂಬವನ್ನು ಇದ್ದಂತೆಯೇ ಉಳಿಸಿದರೆ ಯಾರಿಗೂ ಅಪಾಯವಿಲ್ಲ. ಅದು ನಿಂತಲ್ಲೇ ನಿಂತಿರುತ್ತದೆ. ಕಾರು ಓಡುತ್ತದೆ. ಕಾರಿನಲ್ಲಿಯೂ ಎಲ್ಲ ಭಾಗಗಳು ಒಂದೇ ಬಗೆಯವಲ್ಲ. ಹಳೆಯ ಸೀಟು ಬೆನ್ನು ನೋಯಿಸಿದರೆ ನೋಯುವುದು ಮಾಲೀಕನ ಬೆನ್ನು. ಎಂಜಿನ್ ಕೈಕೊಟ್ಟರೆ ತಳ್ಳುವವನೂ ಅವನೇ. ಬ್ರೇಕು ಹಾಗಲ್ಲ. ಅದಕ್ಕೆ ದುಡ್ಡು ಕೊಟ್ಟವನು ಮಾಲೀಕನಾದರೂ ಅದರಲ್ಲಿ ದಾರಿಹೋಕನ ಪಾಲಿದೆ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಮಂಡಕ್ಕಿ ಚೀಲ ಹೇರಿಕೊಂಡು ಹೋಗುವವನಿಗೆ, ಮಗುವಿನ ಕೈಹಿಡಿದು ರಸ್ತೆ ದಾಟುವ ತಾಯಿಗೆ ಆ ಕಾರು ಯಾವ ಇಸವಿಯದು ಎಂದು ಗೊತ್ತಿರುವುದಿಲ್ಲ. ಎದುರಿಗೆ ಬರುವ ಗಾಡಿ ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ ಅವರು ಹೆಜ್ಜೆ ಇಡುತ್ತಾರೆ. ಆ ನಂಬಿಕೆಯೇ ಅಮಾನತ್ತು. ಅಮಾನತ್ತನ್ನು ನಮ್ಮ ಅಭಿರುಚಿಗಾಗಿ ಖರ್ಚು ಮಾಡುವ ಹಕ್ಕು ನಮಗಿಲ್ಲ.

ದಾರಿಯಲ್ಲಿ ಬಿದ್ದಿರುವ ತೊಂದರೆಯ ವಸ್ತುವನ್ನು ಸರಿಸುವುದೂ ಈಮಾನಿನ ಭಾಗವೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಮುಳ್ಳನ್ನು ತೆಗೆಯುವುದೇ ಪುಣ್ಯವಾದರೆ, ನಾವೇ ಮುಳ್ಳಾಗಿ ದಾರಿಗಿಳಿಯುವುದು ಏನು? ಯೂಫ್ರೆಟಿಸ್ ದಡದಲ್ಲಿ ಒಂದು ಮೂಕಪ್ರಾಣಿ ಎಡವಿದರೂ ತಾನು ಉತ್ತರ ಕೊಡಬೇಕಾದೀತೆಂದು ಖಲೀಫಾ ಉಮರ್ (ರ) ಅಂಜುತ್ತಿದ್ದರೆಂಬ ಮಾತೂ ಪ್ರಸಿದ್ಧ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಆಯಿಲ್ ಬ್ರೇಕನ್ನು ಒಳಗೇ ಇಟ್ಟುಕೊಂಡು, ಎಲ್ಲವೂ ಮೂಲದ್ದೇ ಎಂದು ಹೇಳಿ ಮಾರುವವರೂ ಇರುತ್ತಾರೆ. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒದ್ದೆ ಕಾಳನ್ನು ಅಡಿಯಲ್ಲಿ ಮುಚ್ಚಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿಯವರು (ಸ) ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಬದಲಾಯಿಸಿದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಬದಲಾವಣೆಯನ್ನು ಬರೆದಿಟ್ಟು, ತೆಗೆದ ಸರಳುಗಳನ್ನು ಜೋಪಾನವಾಗಿ ಗಾಡಿಯ ಜೊತೆಗೇ ಕೊಟ್ಟರೆ ಸತ್ಯಕ್ಕೂ ಕೊರತೆಯಿಲ್ಲ, ಚರಿತ್ರೆಗೂ ನಷ್ಟವಿಲ್ಲ.

ಹಾಗಾದರೆ ರಾಡಿನ ಬ್ರೇಕು ಹಾಕಿಸಲೇಬಾರದೇ? ಹಾಕಿಸಬಹುದು, ಆದರೆ ಆ ನಿಷ್ಠೆ ಪೂರ್ತಿಯಾಗಿರಬೇಕು. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹಳೆಯ ಬ್ರೇಕು ಬೇಕೆನ್ನುವವನು ಹಳೆಯ ವೇಗವನ್ನೂ, ಹಳೆಯ ಅಂತರವನ್ನೂ, ಹೊರಡುವ ಮುನ್ನ ಸರಳು ಸರಳನ್ನೂ ಮುಟ್ಟಿ ನೋಡುವ ಹಳೆಯ ತಾಳ್ಮೆಯನ್ನೂ ಜೊತೆಗೇ ಒಪ್ಪಿಕೊಳ್ಳಬೇಕು. ಕಾನೂನು ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ, 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದಿರುವ ಕಾರುಗಳಿಗೆ ಬೇರೆಯೇ ನೋಂದಣಿ ಸಿಗುತ್ತದೆ. ಆದರೆ ಅವು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬೇಕು, ದಿನನಿತ್ಯದ ಓಡಾಟಕ್ಕಲ್ಲ. ಹೈವೇಯಲ್ಲಿ ಎಲ್ಲರ ಜೊತೆ ಓಡಬೇಕು, ಬ್ರೇಕು ಮಾತ್ರ ಅಜ್ಜನ ಕಾಲದ್ದಿರಬೇಕು ಎಂದರೆ ಅದು ನಿಷ್ಠೆಯಲ್ಲ, ಆಯ್ದುಕೊಂಡ ಸುಖ.

ಸಮಾಜದಲ್ಲೂ ನಾವು ಮಾಡುತ್ತಿರುವುದು ಇದೇ ಅಲ್ಲವೇ? ಹಿರಿಯರ ಪದ್ಧತಿ ಎಂದು ಹೇಳಿ ಹೆಣ್ಣುಮಗಳ ಓದು ನಿಲ್ಲಿಸುತ್ತೇವೆ. ಅದೇ ಹಿರಿಯರು ಮಸೀದಿಯಲ್ಲಿ ಸರಳವಾಗಿ ನಿಕಾಹ್ ಮುಗಿಸಿ ಮಹರ್ ಕೈಗೆ ಕೊಡುತ್ತಿದ್ದುದನ್ನು ಮರೆತು, ಶಾದಿಮಹಲು ಹುಡುಕಿ ವರದಕ್ಷಿಣೆ ಎಣಿಸುತ್ತೇವೆ. ಹಳೆಯದರಲ್ಲಿ ನಮಗೆ ಭಾರವಾದದ್ದನ್ನು ಬಿಟ್ಟು, ಇನ್ನೊಬ್ಬರಿಗೆ ಭಾರವಾಗುವುದನ್ನಷ್ಟೇ ಮರಳಿ ತರುತ್ತೇವೆ. ಮೂಲಕ್ಕೆ ಮರಳುತ್ತೇನೆ ಎಂದು ಯಾರೇ ಹೇಳಿದರೂ ಅವರನ್ನು ಒಂದು ಮಾತು ಕೇಳಬೇಕು: ಇದರ ಬೆಲೆ ತೆರುವವರು ಯಾರು? ತಾನೇ ತೆರುವವನಾದರೆ ಅವನ ನಿಷ್ಠೆಗೆ ಗೌರವ ಕೊಡೋಣ. ರಸ್ತೆ ದಾಟುವ ಆ ತಾಯಿ ತೆರಬೇಕಾಗಿದ್ದರೆ, ಮೊದಲು ಗಾಡಿ ನಿಲ್ಲಿಸು ಎನ್ನೋಣ.