ಮೊದಲು ಕುಳಿತುಕೊಳ್ಳಿ, ಆಮೇಲೆ ಕಟ್ಟಿರಿ



ಗೋಪುರ ಕಟ್ಟಲು ಹೊರಟವನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು (ಲೂಕ 14:28-30). ಆತ ಅಡಿಪಾಯ ಹಾಕಿದ, ಹಣ ಮುಗಿಯಿತು, ನೋಡಿದವರು ನಕ್ಕರು. ಪೂಜಾವಿಧಿಯ ‘ಸಿ’ ವರ್ಷದಲ್ಲಿ, ಸಾಧಾರಣ ಕಾಲದ 23ನೆಯ ಭಾನುವಾರದಂದು ಈ ಶುಭಸಂದೇಶವನ್ನು ನಾವು ಆಲಿಸುತ್ತೇವೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆರಂಭಿಸುವುದು ಸುಲಭ, ಮುಗಿಸುವುದು ಕಷ್ಟ.

ಇಂದು ಗೋಪುರದ ಜಾಗದಲ್ಲಿ ಒಂದು ಕಾರನ್ನು ಇಟ್ಟು ಈ ಸಾಮತಿಯನ್ನು ಧ್ಯಾನಿಸೋಣ.

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಗ ಐ.ಟಿ.ಐ. ಮುಗಿಸಿ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ವೆಲ್ಡಿಂಗ್ ಬಲ್ಲ, ಇಂಜಿನ್ ಬಿಚ್ಚಿ ಜೋಡಿಸಬಲ್ಲ. ಒಂದು ರಾತ್ರಿ ಜಪಸರ ಮುಗಿದ ಮೇಲೆ ಹೇಳುತ್ತಾನೆ: “ಅಪ್ಪಾ, ಗುಜರಿಯಲ್ಲಿ ಹಳೆಯ ಮಾರುತಿ 800ರ ಇಂಜಿನ್ ಇದೆ. ಚಾಸಿಸ್ ನಾನೇ ಮಾಡ್ತೇನೆ. ಎಂಬತ್ತು ಸಾವಿರ ಇದ್ದರೆ ನಮ್ಮದೇ ಒಂದು ಕಾರು ಆಗ್ತದೆ.” ಮನೆಯಲ್ಲಿರುವ ಎಂಬತ್ತು ಸಾವಿರವೆಂದರೆ ಅಮ್ಮನ ಚೀಟಿಯ ಹಣ. ಅದು ತಂಗಿಯ ನರ್ಸಿಂಗ್ ಕಾಲೇಜಿನ ಫೀಸಿಗೆಂದು ಎತ್ತಿಟ್ಟದ್ದು. ಅಪ್ಪ ಏನು ಹೇಳಬೇಕು?

ಹುಡುಗನ ಕನಸು ಹುಚ್ಚೆಂದು ತಳ್ಳಿಹಾಕುವ ಮುನ್ನ ಕೆಲವು ಸಂಗತಿಗಳನ್ನು ತಿಳಿಯೋಣ. 1948ರಲ್ಲಿ ಲಂಡನ್ನಿನ ಇಂಜಿನಿಯರಿಂಗ್ ವಿದ್ಯಾರ್ಥಿ ಕಾಲಿನ್ ಚಾಪ್ಮನ್ ಹಳೆಯದೊಂದು ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ತನ್ನ ಭಾವೀ ಪತ್ನಿಯ ತಂದೆತಾಯಿಯರ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದ. ಅದೇ ಮುಂದೆ ಜಗತ್ಪ್ರಸಿದ್ಧ ಲೋಟಸ್ ಕಂಪನಿಯ ಬೀಜವಾಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಇಂಗ್ಲಿಷ್ ಲೇಖಕ, ಕೇವಲ 250 ಪೌಂಡುಗಳಲ್ಲಿ ಸ್ವಂತ ಸ್ಪೋರ್ಟ್ಸ್ ಕಾರು ಕಟ್ಟಬಹುದೆಂದು ಸಾರುವ ಪುಸ್ತಕ ಬರೆದ. ತುಕ್ಕು ಹಿಡಿದ ಹಳೆಯ ಫೋರ್ಡ್ ಎಸ್ಕಾರ್ಟ್ ಕೊಳ್ಳುವುದು, ಅದರ ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ತೆಗೆದುಕೊಳ್ಳುವುದು, ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಬೆಸೆದು ಚಾಸಿಸ್ ಮಾಡುವುದು, ಇದು ಆತ ತೋರಿಸಿದ ದಾರಿ. ಅದನ್ನು ಓದಿ ಅನೇಕ ದೇಶಗಳಲ್ಲಿ ಜನರು ಕಾರು ಕಟ್ಟಿದ್ದಾರೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ ಒಬ್ಬ ಕಮ್ಮಾರ ತನ್ನ ಮಗನ ಆಸೆ ತೀರಿಸಲು ಗುಜರಿ ಸಾಮಾನುಗಳಿಂದ ನಾಲ್ಕು ಚಕ್ರದ ಪುಟ್ಟ ವಾಹನ ಕಟ್ಟಿದ. ಅದನ್ನು ಬೈಕಿನಂತೆ ಒದ್ದು ಚಾಲೂ ಮಾಡಬೇಕಿತ್ತು. ಖರ್ಚು ಸುಮಾರು 60,000 ರೂಪಾಯಿ ಎಂದು ಪತ್ರಿಕೆಗಳು ಬರೆದವು. 2021ರ ಡಿಸೆಂಬರಿನಲ್ಲಿ ಉದ್ಯಮಿ ಆನಂದ್ ಮಹೀಂದ್ರ ಅವರು ಆತನ ಕೈಚಳಕವನ್ನು ಬಾಯ್ತುಂಬ ಹೊಗಳಿದರು. ಜೊತೆಗೆ ಒಂದು ಸತ್ಯವನ್ನೂ ಹೇಳಿದರು: ಈ ವಾಹನ ನಿಯಮಗಳಿಗೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ಇದನ್ನು ತಡೆಯುತ್ತಾರೆ. ಅದಕ್ಕೆ ಬದಲಾಗಿ 2022ರ ಜನವರಿಯಲ್ಲಿ ಆ ಕುಟುಂಬಕ್ಕೆ ಒಂದು ಬೊಲೆರೊ ದೊರೆಯಿತು. ಸಂತೋಷದ ಕಥೆ. ಆದರೆ ಗುಜರಿಯಿಂದ ಕಾರು ಕಟ್ಟಿದವರಿಗೆಲ್ಲ ಬೊಲೆರೊ ಬರುವುದಿಲ್ಲ.

ಹಾಗಾದರೆ ಪ್ರಭು ಯೇಸು ಹೇಳಿದ ಲೆಕ್ಕವನ್ನು ಹಾಕೋಣ.

ಮೊದಲನೆಯದು ಹಣದ ಲೆಕ್ಕ. ಚಾಸಿಸ್ ಮತ್ತು ಇಂಜಿನ್ ಕಣ್ಣಿಗೆ ಕಾಣುವ ಖರ್ಚು. ಬ್ರೇಕಿನ ಕೊಳವೆಗಳು, ವೈರಿಂಗ್, ಸ್ಟಿಯರಿಂಗ್ ಜೋಡಣೆ, ಟಯರು, ಗಾಜು, ದೀಪಗಳು, ಬಣ್ಣ, ಇವು ಕಾಣದ ಖರ್ಚು. ಸಣ್ಣ ಸಣ್ಣ ಚೀಟಿಗಳಾಗಿ ಬಂದು ದೊಡ್ಡ ಮೊತ್ತವಾಗುತ್ತವೆ. ಆ 250 ಪೌಂಡುಗಳಲ್ಲಿ ಕಟ್ಟುವವನ ದುಡಿಮೆಗೆ ಕೂಲಿ ಸೇರಿಲ್ಲ ಎಂಬುದನ್ನು ಮರೆಯಬಾರದು. ಇಂಗ್ಲೆಂಡಿನಲ್ಲಿ ಅರ್ಧಕ್ಕೆ ನಿಂತ ಇಂಥ ಕಾರುಗಳು ಮಾರಾಟಕ್ಕೆ ಬರುವುದು ಅಪರೂಪವೇನಲ್ಲ. ಗೋಪುರದ ಸಾಮತಿ ಅಲ್ಲಿನ ಗ್ಯಾರೇಜುಗಳಲ್ಲಿ ಇಂದಿಗೂ ನಡೆಯುತ್ತಿದೆ.

ಎರಡನೆಯದು ಸಮಯದ ಲೆಕ್ಕ. ಪ್ರತಿ ಸಂಜೆ, ಪ್ರತಿ ಭಾನುವಾರ ಯಾರ ಪಾಲಿನದು? ಬಲಿಪೂಜೆಯ ಸಮಯ, ಮನೆಯವರೊಂದಿಗೆ ಊಟಕ್ಕೆ ಕೂರುವ ಸಮಯ, ಇವುಗಳಿಂದ ಎಷ್ಟು ಕಡ ತರಬೇಕಾದೀತು?

ಮೂರನೆಯದು ನೆರೆಯವನ ಲೆಕ್ಕ. ಇದೇ ಎಲ್ಲಕ್ಕಿಂತ ಭಾರವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ, ವಿಮೆಯಿಲ್ಲದ ವಾಹನವನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಕಾರು ತಯಾರಿಸುವವರು ಅದರ ಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂಥ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕೆಂದು 1989ರ ಕೇಂದ್ರ ನಿಯಮಗಳು ಹೇಳುತ್ತವೆ. ಅದು ಕಂಪನಿಗಳ ಹೆಗಲಿಗೆ ತಕ್ಕ ಹೊರೆ, ಒಬ್ಬ ಗ್ಯಾರೇಜ್ ಹುಡುಗನಿಗಲ್ಲ. ‘ಹಳೆಯ ಕಾರಿನ ನೋಂದಣಿ ಇಟ್ಟುಕೊಂಡು ರೂಪವನ್ನಷ್ಟೇ ಬದಲಾಯಿಸಿದರೆ?’ ಎಂದು ಕೇಳಬಹುದು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬ್ರಿಟನ್ನಿನಲ್ಲಾದರೋ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷಿಸಿ ಅನುಮತಿ ಕೊಡುವ ಏರ್ಪಾಡು ಇದೆ. ಅಲ್ಲಿ ಸಾಧ್ಯವಾದದ್ದು ಇಲ್ಲಿಯೂ ಹಾಗೆಯೇ ಆದೀತೆಂದು ನಂಬಿ ಹೊರಟರೆ ಲೆಕ್ಕ ತಪ್ಪುತ್ತದೆ.

ಕಾನೂನನ್ನು ಬರೀ ತೊಡಕೆಂದು ಎಣಿಸಬೇಡಿ. ಬ್ರೇಕ್ ಹಿಡಿಯದೆ ಹೋದರೆ ಎದುರಿಗೆ ಬರುವುದು ಶಾಲೆಯಿಂದ ಮರಳುವ ಯಾರದೋ ಮಗು. ರಸ್ತೆಯಲ್ಲಿ ಪರರ ಜೀವಕ್ಕೆ ಅಪಾಯ ತರುವುದನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಐದನೆಯ ಕಟ್ಟಳೆಯ ಅಡಿಯಲ್ಲೇ ಹೇಳಿದೆ.

ಇಷ್ಟು ಲೆಕ್ಕ ಹಾಕಿದ ಮೇಲೆ ಅಪ್ಪ ‘ಆಗದು’ ಎಂದು ಒಂದೇ ಮಾತಿನಲ್ಲಿ ಎದ್ದುಹೋಗಬೇಕೇ? ಇಲ್ಲ, ಬಂಧುಗಳೇ. ಇಲ್ಲಿ ಸಂತ ತೋಮಸ್ ಅಕ್ವಿನಾಸರು ನಮಗೆ ನೆರವಾಗುತ್ತಾರೆ. ವಿವೇಕವೆಂಬ ಸದ್ಗುಣಕ್ಕೆ ಮೂರು ಹೆಜ್ಜೆಗಳೆಂದು ಅವರು ಕಲಿಸಿದರು: ಆಲೋಚನೆ ಕೇಳುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದನ್ನು ಕಾರ್ಯಕ್ಕೆ ಇಳಿಸುವುದು. ಮೂರನೆಯದೇ ಮುಖ್ಯವೆಂದೂ ಅವರು ಹೇಳಿದರು. ಲೆಕ್ಕ ಹಾಕುತ್ತಲೇ ಕುಳಿತು ಏನನ್ನೂ ಮಾಡದವನು ವಿವೇಕಿಯಲ್ಲ, ಅಂಜುಬುರುಕ.

ಆದ್ದರಿಂದ ತಂದೆ ಮಗನನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಹಣ?’ ಎಂಬುದಲ್ಲ. ‘ಮಗನೇ, ನಿನಗೆ ಬೇಕಾಗಿರುವುದು ಕಾರೋ, ಕಟ್ಟುವ ಸಂತೋಷವೋ?’ ಎಂಬುದು. ಓಡಾಡಲು ಕಾರು ಬೇಕೆಂದಾದರೆ, ಕಾಗದಪತ್ರ ಸರಿಯಿರುವ ಸೆಕೆಂಡ್ ಹ್ಯಾಂಡ್ ಕಾರೇ ಅಗ್ಗ, ಕ್ಷೇಮ. ಅದಕ್ಕೂ ಹಣ ಕೂಡುವ ತನಕ ಬಸ್ಸಿದೆ. ಕಟ್ಟುವ ಸಂತೋಷ ಬೇಕೆಂದಾದರೆ, ಅದಕ್ಕೆ ರಸ್ತೆ ಬೇಕಿಲ್ಲ. ಗುಜರಿಯ ಇಂಜಿನ್ ಒಂದನ್ನು ತಂದು ಬಿಚ್ಚಿ ಜೋಡಿಸಲಿ. ಸ್ವಂತ ಸಂಬಳದ ಇಂತಿಷ್ಟು ಪಾಲು, ಇಂತಿಷ್ಟು ತಿಂಗಳು ಎಂದು ಗಡಿ ಹಾಕಿಕೊಳ್ಳಲಿ. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು 2007ರಿಂದ ‘ಬಾಹಾ’ ಸ್ಪರ್ಧೆಗೆಂದು ತಾವೇ ವಾಹನ ಕಟ್ಟಿ, ರಸ್ತೆಯಲ್ಲಲ್ಲದೆ ಪ್ರತ್ಯೇಕ ಮೈದಾನದಲ್ಲಿ ಓಡಿಸುತ್ತಿದ್ದಾರೆ. ಸಂತ ಜಾನ್ ಬೋಸ್ಕೊ ಅವರು 1853ರಲ್ಲಿ ಟ್ಯೂರಿನ್ ನಗರದಲ್ಲಿ ಬಡ ಹುಡುಗರಿಗಾಗಿ ಚಮ್ಮಾರಿಕೆ, ದರ್ಜಿ ಕೆಲಸಗಳ ಕಾರ್ಯಾಗಾರ ತೆರೆದರು. ಕೆಲವು ವರ್ಷಗಳಲ್ಲಿ ಕಬ್ಬಿಣದ ಕೆಲಸವನ್ನೂ ಸೇರಿಸಿದರು. ಕೈಕೆಲಸ ಬಲ್ಲ ಹುಡುಗನ ಆಸೆ ದೇವರ ಕೊಡುಗೆ. ಅದನ್ನು ನಂದಿಸುವುದೂ ಒಂದು ನಷ್ಟವೇ. ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಸಾಮತಿಯಲ್ಲಿ ಇನ್ನೊಂದು ಗುಂಪನ್ನು ನಾವು ಮರೆಯುತ್ತೇವೆ. ನಕ್ಕವರು! ಪ್ರಭು ಯೇಸು ಅವರನ್ನು ಹೊಗಳಲಿಲ್ಲ. ಎಷ್ಟೋ ಮನೆಗಳಲ್ಲಿ ಆ ನಗು ಬೀದಿಯಿಂದ ಬರುವುದಿಲ್ಲ, ಊಟದ ಮೇಜಿನಿಂದಲೇ ಏಳುತ್ತದೆ. ‘ನಿನ್ನಿಂದ ಏನಾಗ್ತದೆ?’ ಎಂದು ಅಪ್ಪ ನಗುತ್ತಾನೆ. ಮಗ ಆಮೇಲೆ ಕಾರಿನ ವಿಷಯ ಮಾತ್ರವಲ್ಲ, ಬೇರೆ ಯಾವ ವಿಷಯವನ್ನೂ ಅಪ್ಪನ ಮುಂದೆ ತೆರೆಯುವುದಿಲ್ಲ. ಹಣ ಹೋದರೆ ಮತ್ತೆ ದುಡಿಯಬಹುದು. ಮುಚ್ಚಿದ ಮನಸ್ಸು ಅಷ್ಟು ಬೇಗ ತೆರೆದುಕೊಳ್ಳದು. ಮಕ್ಕಳೂ ಅಷ್ಟೇ: ತಂಗಿಯ ಫೀಸಿನ ಹಣ ನನ್ನ ಹಣವಲ್ಲ ಎಂದು ತಿಳಿಯುವುದು ಯಾವ ಇಂಜಿನ್ ಕಟ್ಟುವುದಕ್ಕಿಂತಲೂ ದೊಡ್ಡ ಕಲಿಕೆ.

ಕೊನೆಯದಾಗಿ, ಪ್ರಭು ಯೇಸು ಈ ಸಾಮತಿಯನ್ನು ಹೇಳಿದ್ದು ಗೋಪುರಕ್ಕಾಗಿ ಅಲ್ಲ, ಕಾರಿಗಾಗಿಯಂತೂ ಅಲ್ಲ. ತಮ್ಮ ಹಿಂದೆ ಬರುತ್ತಿದ್ದ ದೊಡ್ಡ ಜನಸಮೂಹಕ್ಕೆ ಶಿಷ್ಯತ್ವದ ಬೆಲೆಯನ್ನು ತಿಳಿಸಲು ಅವರು ಇದನ್ನು ಹೇಳಿದರು. ತನ್ನದೆಂಬುದೆಲ್ಲವನ್ನೂ ಬಿಡಲು ಸಿದ್ಧನಿಲ್ಲದವನು ತಮ್ಮ ಶಿಷ್ಯನಾಗಲಾರನೆಂದು ಮುಗಿಸಿದರು (ಲೂಕ 14:33). ಮನೆಯ ಲೆಕ್ಕದಲ್ಲಿ ಇದನ್ನು ಕಲಿಯದವನು ಎಲ್ಲಿ ಕಲಿತಾನು? ಮಗ ತನ್ನ ಕಾರನ್ನು ಕೆಲಕಾಲ ಬಿಡಬೇಕಾಗಬಹುದು. ಅಪ್ಪ ತನ್ನ ಮಾತೇ ಗೆಲ್ಲಬೇಕೆಂಬ ಹಟವನ್ನು ಬಿಡಬೇಕಾಗಬಹುದು. ಇಬ್ಬರೂ ಬಿಟ್ಟಲ್ಲಿ ಕ್ರಿಸ್ತರಿಗೆ ಸ್ಥಳವಾಗುತ್ತದೆ.

ಆದಕಾರಣ, ನಿಮ್ಮ ಮನೆಯಲ್ಲಿ ಇಂಥದೊಂದು ಆಸೆ ತಲೆಯೆತ್ತಿದ್ದರೆ ಈ ವಾರವೇ ಒಂದು ಸಂಜೆ ಎಲ್ಲರೂ ಜೊತೆಯಾಗಿ ಕುಳಿತುಕೊಳ್ಳಿ. ಗೋಪುರ ಕಟ್ಟುವವನೂ ಯುದ್ಧಕ್ಕೆ ಹೊರಟ ಅರಸನೂ ಮೊದಲು ಕುಳಿತು ಆಲೋಚಿಸಬೇಕೆಂದು ಪ್ರಭು ಹೇಳಿದ್ದಾರಲ್ಲವೇ? ಕಾಗದ, ಪೆನ್ನು ತನ್ನಿ. ಪವಿತ್ರಾತ್ಮರನ್ನು ಬೇಡಿಕೊಳ್ಳಿ. ಅಮ್ಮನ ಮಾತನ್ನೂ ತಂಗಿಯ ಮಾತನ್ನೂ ಕೇಳಿ. ಯಾರೂ ನಗಬೇಡಿ. ನಜರೇತಿನ ಬಡಗಿ ಸಂತ ಜೋಸೆಫರು, ಮರವನ್ನು ಅಳೆದು ಕತ್ತರಿಸಿದ ಆ ಕೈಗಳಿಂದಲೇ, ನಮ್ಮ ಮನೆಗಳ ತೀರ್ಮಾನಗಳನ್ನೂ ಅಳೆದು ಮಾಡುವಂತೆ ನಮಗಾಗಿ ಪ್ರಾರ್ಥಿಸಲಿ. ಆಮೆನ್.